ಮುರಿದ ರೆಕ್ಕೆಯ ಸೋಗು, ರಂಗದ ಮೇಲಿನ ಸಾವು: ಎರಡೂ ಒಂದೇ ಜಾತಿಯವೇ?

ಗದ್ಯಪ್ರಿಯ:
"ನಟನೆಯನ್ನು ಮನುಷ್ಯ ಕಲಿತದ್ದು ಪ್ರಾಣಿಗಳಿಂದ, ಕಲೆಯೆಂದರೆ ಅವುಗಳ ಹಳೆಯ ಸೋಗಿನ ಮುಂದುವರಿಕೆ" ಎಂಬ ಮಾತು ಈಚೆಗೆ ಇಲ್ಲಿ ಪದೇ ಪದೇ ಬರುತ್ತಿದೆ. ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಕಿಲ್‌ಡೀರ್ ಹಕ್ಕಿಯನ್ನೇ ತೆಗೆದುಕೊಳ್ಳಿ. ಅಮೆರಿಕ ಖಂಡದ್ದು, ಟಿಟ್ಟಿಭದ ಬಳಗಕ್ಕೆ ಸೇರಿದ್ದು, ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ. ನರಿ ಹತ್ತಿರ ಬಂದರೆ ಗೂಡು ಬಿಟ್ಟು ಓಡಿ, ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ, ಬಾಲ ಬಿಚ್ಚಿ, ಕೂಗುತ್ತಾ ಒದ್ದಾಡುತ್ತದೆ. ಸುಲಭದ ತುತ್ತು ಸಿಕ್ಕಿತೆಂದು ನರಿ ಬೆನ್ನು ಹತ್ತುತ್ತದೆ. ಗೂಡಿನಿಂದ ಸಾಕಷ್ಟು ದೂರವಾಯಿತೆಂದರೆ ಹಕ್ಕಿ ಪುರ್ರೆಂದು ಹಾರಿಹೋಗುತ್ತದೆ. ಮರಿ ಉಳಿಸಲು ಮಾಡಿದ ಮೋಸ, ಆದರೂ ಮೋಸವೇ. ನರಿಗೆ ಗೊತ್ತಾದರೆ ಕೆಲಸ ಕೆಟ್ಟಿತು. ರಂಗದ ಮೇಲೆ ಸಾಯುವ ನಟ ಸತ್ತಿಲ್ಲವೆಂದು ನನಗೆ ಗೊತ್ತು, ಗೊತ್ತಿದ್ದೂ ಅಳುತ್ತೇನೆ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು ಎಂಬುದು ನನ್ನ ವಾದ.

ಹಕ್ಕಿನೋಟ:
ಮೋಸ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಿ ಸರ್. ಆ ಹಕ್ಕಿ ಮಾಡುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಓಡುತ್ತಲೇ ಅದು ಕತ್ತು ತಿರುಗಿಸಿ ಹಿಂದೆ ಬರುವವನ ಮೇಲೆ ಕಣ್ಣಿಟ್ಟಿರುತ್ತದೆ. ಅವನು ಬೆನ್ನು ಹತ್ತದಿದ್ದರೆ ಮತ್ತೆ ಸಮೀಪಕ್ಕೆ ಬಂದು ಇನ್ನೂ ಜೋರಾಗಿ ಒದ್ದಾಡುತ್ತದೆ. ಅದೇ ಹಸುವೋ ಕುದುರೆಯೋ ಮೇಯುತ್ತಾ ಬಂದರೆ ಈ ಸೋಗು ಹಾಕುವುದಿಲ್ಲ. ಹಸುವಿಗೆ ಹಕ್ಕಿಯ ಮಾಂಸ ಬೇಕಿಲ್ಲ, ಗೊರಸಿನಡಿ ಮೊಟ್ಟೆ ಒಡೆಯುವುದಷ್ಟೇ ಭಯ. ಆಗ ರೆಕ್ಕೆ ಅಗಲಿಸಿ ಅದರ ಮುಖಕ್ಕೇ ನುಗ್ಗುತ್ತದೆ.

ಕ್ಯಾರೊಲಿನ್ ರಿಸ್ಟೌ ಎಂಬ ವಿಜ್ಞಾನಿ ಇದೇ ಬಳಗದ ಪೈಪಿಂಗ್ ಪ್ಲವರ್ ಹಕ್ಕಿಗಳ ಮೇಲೆ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಕೆಲವರು ಗೂಡಿರುವ ಕಡೆ ದಿಟ್ಟಿಸುತ್ತಾ ನಡೆಯಬೇಕು, ಕೆಲವರು ಅತ್ತ ಕಣ್ಣು ಹಾಯಿಸದೆ ಹೋಗಬೇಕು. ಆಮೇಲೆ ಅವರೇ ಮತ್ತೆ ಬಂದಾಗ, ಮೊದಲು ದಿಟ್ಟಿಸಿದವರನ್ನು ಕಂಡು ಹಕ್ಕಿಗಳು ಹೆಚ್ಚು ಎಚ್ಚೆತ್ತವು. ಎದುರಿನವರ ಕಣ್ಣು ಎತ್ತ ಹೊರಳುತ್ತದೆ ಎಂಬುದು ಅವುಗಳಿಗೆ ಬೇಕು. ಒಳ್ಳೆಯ ನಟನಿಗೂ ಬೇಕಾದದ್ದು ಅದೇ ತಾನೇ?

ಸಾಕ್ಷಿಬೇಕು:
ಇಲ್ಲಿ ಜಾರಬಾರದು. ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ 1894ರಲ್ಲೇ ಒಂದು ನಿಯಮ ಹೇಳಿದ್ದಾರೆ: ಪ್ರಾಣಿಯ ನಡತೆಯನ್ನು ಕೆಳಮಟ್ಟದ ಮನೋವ್ಯಾಪಾರದಿಂದಲೇ ವಿವರಿಸಲು ಸಾಧ್ಯವಿದ್ದರೆ, ಮೇಲಿನದನ್ನು ಆರೋಪಿಸಬೇಡಿ. ಉತ್ತರ ಅಮೆರಿಕದ ಹಾಗ್‌ನೋಸ್ ಹಾವು ಹೆದರಿದಾಗ ಅಂಗಾತ ಬಿದ್ದು, ಬಾಯಿ ತೆರೆದು, ನಾಲಗೆ ಹೊರಚೆಲ್ಲಿ, ಕೆಟ್ಟ ವಾಸನೆ ಬಿಟ್ಟು ಹೆಣದಂತೆ ಬಿದ್ದುಕೊಳ್ಳುತ್ತದೆ. ಎಂಥ ನಟ ಅನ್ನಿಸುತ್ತದೆ. ಈಗ ಅದನ್ನು ಎತ್ತಿ ಬೋರಲಾಗಿಡಿ, ತಕ್ಷಣ ಹೊರಳಿ ಮತ್ತೆ ಅಂಗಾತವಾಗುತ್ತದೆ! ಸತ್ತ ಹಾವು ಹೊರಳುವುದಿಲ್ಲ ಎಂಬಷ್ಟೂ ಅದಕ್ಕೆ ತಿಳಿಯದು. ಆಪಾಸಮ್ ಎಂಬ ಪ್ರಾಣಿಯಂತೂ ಸತ್ತಂತೆ ಬೀಳುವುದು ತನ್ನ ಇಚ್ಛೆಯಿಂದಲೇ ಅಲ್ಲ, ಭಯಕ್ಕೆ ದೇಹ ಕೊಡುವ ಉತ್ತರ ಅದು. ಸೋಗು ಹಾಕಲು ಹಾಕುವವನೊಬ್ಬ ಬೇಕು. ಇಲ್ಲಿ ಅವನು ಎಲ್ಲಿದ್ದಾನೆ?

ಹಳೇ ಓದುಗ:
ಹಾವನ್ನು ಬೋರಲಾಗಿಸುವ ಪರೀಕ್ಷೆ ಓದಿದಾಗ ಗ್ರೀಕ್ ಪುರಾಣದ ವೀರ ಒಡಿಸ್ಯೂಸನ ಕತೆ ನೆನಪಾಯಿತು. ಟ್ರಾಯ್ ಯುದ್ಧಕ್ಕೆ ಹೋಗಲು ಮನಸ್ಸಿಲ್ಲದೆ ಅವನು ಹುಚ್ಚನಂತೆ ನಟಿಸುತ್ತಾನೆ. ನೇಗಿಲು ಹೂಡಿ ಹೊಲಕ್ಕೆ ಉಪ್ಪು ಬಿತ್ತುತ್ತಾನೆ. ಕರೆದೊಯ್ಯಲು ಬಂದ ಪಾಲಮಿಡೀಸ್ ವಾದಕ್ಕಿಳಿಯದೆ ಅವನ ಹಸುಗೂಸನ್ನು ನೇಗಿಲ ಮುಂದೆ ಮಲಗಿಸಿಬಿಡುತ್ತಾನೆ. ಒಡಿಸ್ಯೂಸ್ ನೇಗಿಲು ತಿರುಗಿಸುತ್ತಾನೆ, ಹುಚ್ಚು ಅಲ್ಲಿಗೆ ಮುಗಿಯಿತು. ಬೇಕೆಂದೇ ಹಾಕಿದ ಸೋಗು ಹೀಗೆ ಬಯಲಾಗುತ್ತದೆ: ಸೋಗಿಗಿಂತ ದೊಡ್ಡದೊಂದು ಎದುರಾದಾಗ ಅದನ್ನು ಕೈಬಿಡಬೇಕಾಗುತ್ತದೆ. ಹಾವಿನದು ಇದಕ್ಕೆ ತದ್ವಿರುದ್ಧ, ಬಿಡಲಾಗದೆ ಬಯಲಾಯಿತು. ನನಗೆ ಈ ವ್ಯತ್ಯಾಸ ಮುಖ್ಯ. ಕೈಬಿಡಬಲ್ಲವನು ಮಾತ್ರ ನಟಿಸುತ್ತಿದ್ದಾನೆ.

ಹಕ್ಕಿನೋಟ:
ಅದೇ ಹಾವಿನ ಇನ್ನೊಂದು ಸಂಗತಿ ಕೇಳಿ. ಬರ್ಗ್‌ಹಾರ್ಟ್ ಮತ್ತು ಗ್ರೀನ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತಂತೆ ಬಿದ್ದ ಹಾವಿನ ಮರಿಯನ್ನು ಮನುಷ್ಯ ದಿಟ್ಟಿಸಿ ನೋಡುತ್ತಿದ್ದರೆ ಅದು ಏಳಲು ಹೆಚ್ಚು ಹೊತ್ತು ತೆಗೆದುಕೊಂಡಿತು. ಯಾರೂ ಇಲ್ಲದಿದ್ದಾಗ ಬೇಗ ಎದ್ದಿತು. ಹೊರಳುವ ವಿಷಯದಲ್ಲಿ ದಡ್ಡತನ, ನೋಡುವ ಕಣ್ಣಿನ ವಿಷಯದಲ್ಲಿ ಎಚ್ಚರ, ಎರಡೂ ಒಂದೇ ಪ್ರಾಣಿಯಲ್ಲಿ. "ತಿಳಿಯದು" ಎಂದು ಷರಾ ಬರೆಯುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಾಕ್ಷಿಬೇಕು:
ಹಿಡಿಯೋಣ. ಆದರೆ ಕಣ್ಣು ತನ್ನತ್ತ ಇದೆ ಎಂದು ಗ್ರಹಿಸುವುದು ಬೇರೆ, "ನಾನು ಸತ್ತೆನೆಂದು ಅವನು ನಂಬಲಿ" ಎಂದು ಬಯಸುವುದು ಬೇರೆ. ಮೊದಲನೆಯದಕ್ಕೆ ಪುರಾವೆ ಇದೆ, ಎರಡನೆಯದಕ್ಕೆ ಇಲ್ಲ.

ರಂಗದ ಮಾತು:
ಎಲ್ಲರೂ ಸೋಗು ಹಾಕುವವನ ತಲೆಯೊಳಗೆ ಏನಿದೆ ಎಂದೇ ಹುಡುಕುತ್ತಿದ್ದೀರಿ. ರಂಗಭೂಮಿಯಲ್ಲಿ ಈ ದಾರಿ ಹಿಡಿದವರು ದಡ ಮುಟ್ಟಿಲ್ಲ. ದೊಡ್ಡ ನಟ ಒಳಗೆ ತಣ್ಣಗಿರುತ್ತಾನೆ, ಭಾವಿಸದೆ ಇರುವುದರಿಂದಲೇ ಪ್ರತಿದಿನ ಒಂದೇ ಹದದಲ್ಲಿ ಅಳಬಲ್ಲ ಎಂದು ವಾದಿಸಿದವನು ಫ್ರೆಂಚ್ ಚಿಂತಕ ದಿದರೋ. ನಾಟ್ಯಶಾಸ್ತ್ರ ಆಂಗಿಕ (ಮೈಯದು), ವಾಚಿಕ (ಮಾತಿನದು), ಆಹಾರ್ಯ (ವೇಷದ್ದು) ಎಂಬ ಅಭಿನಯಗಳ ಜೊತೆಗೆ ಸಾತ್ತ್ವಿಕವನ್ನೂ ಹೇಳುತ್ತದೆ: ಕಣ್ಣೀರು, ಬೆವರು, ರೋಮಾಂಚ, ನಡುಕ. ಏಕಾಗ್ರವಾದ ಮನಸ್ಸಿಲ್ಲದೆ ಇವು ಬರವು ಎಂದು ಅದರ ನಿಲುವು. ಹುಸಿ ದುಃಖಕ್ಕೆ ನಿಜವಾದ ಕಣ್ಣೀರು! ನಟನ ಒಳಗೇ ನಿಜ ಎಲ್ಲಿ ಮುಗಿಯಿತು, ಸೋಗು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದಿದ್ದರೆ ಹಾವಿನ ಒಳಗೆ ಹೇಗೆ ಎಳೆಯುತ್ತೀರಿ?

ಆದ್ದರಿಂದ ನೋಡುವವನ ಕಡೆಯಿಂದ ಹೊರಡೋಣ. ನಾಟ್ಯಶಾಸ್ತ್ರದ ಹಳೆಯ ವ್ಯಾಖ್ಯಾನಕಾರ ಶಂಕುಕ ಹೇಳಿದ ಚಿತ್ರತುರಗದ, ಎಂದರೆ ಚಿತ್ರದ ಕುದುರೆಯ, ಮಾತು ಇಲ್ಲಿಗೆ ಬೇಕು. ಬರೆದ ಕುದುರೆಯನ್ನು ನೋಡಿ "ಇದು ಕುದುರೆ" ಅನ್ನುತ್ತೇವೆ. ಅದು ನಿಜವಾದ ಕುದುರೆಯ ಅರಿವಲ್ಲ, ಭ್ರಮೆಯಲ್ಲ, ಕುದುರೆಯೋ ಅಲ್ಲವೋ ಎಂಬ ಸಂಶಯವಲ್ಲ, ಕುದುರೆಯಂತಿದೆ ಎಂಬ ಹೋಲಿಕೆಯೂ ಅಲ್ಲ. ರಾಮನ ವೇಷದ ನಟನನ್ನು "ರಾಮ" ಅನ್ನುವುದೂ ಹಾಗೇ, ಈ ನಾಲ್ಕಕ್ಕೂ ಸಿಗದ ಐದನೆಯ ಬಗೆಯ ಅರಿವು. ಆಮೇಲಿನ ವ್ಯಾಖ್ಯಾನಕಾರ ಅಭಿನವಗುಪ್ತ, ನಟನೆಯೆಂದರೆ ಅನುಕರಣೆ ಎಂಬ ಶಂಕುಕನ ವಾದವನ್ನು ಒಪ್ಪಲಿಲ್ಲ, ಅದು ಬೇರೆ ಜಗಳ. ಆದರೆ ಈ ಐದನೆಯ ಬಗೆ ಇದೆ ಎನ್ನುವುದು ನಾಟಕ ನೋಡಿದ ಯಾರಿಗಾದರೂ ಗೊತ್ತು.

ಗ್ರೀಕ್ ಚಿತ್ರಕಾರ ಜ್ಯೂಕ್ಸಿಸ್ ಬರೆದ ದ್ರಾಕ್ಷಿಯನ್ನು ಕುಕ್ಕಲು ಹಕ್ಕಿಗಳು ಹಾರಿಬಂದವಂತೆ. ಇದನ್ನು ಚಿತ್ರಕಲೆಯ ಗೆಲುವೆಂದು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಹಕ್ಕಿಗಳು ದ್ರಾಕ್ಷಿ ಕಂಡವೇ ಹೊರತು ಚಿತ್ರವನ್ನು ಕಾಣಲಿಲ್ಲ. ಗದ್ಯಪ್ರಿಯರ ನರಿಯೂ ಮುರಿದ ರೆಕ್ಕೆ ಕಂಡಿತು, ಅಭಿನಯ ಕಾಣಲಿಲ್ಲ.

ಮೂರನೇ ಬೆಂಚು:
ರಂಗದ ಮಾತು ಅವರೇ, ನಿಮ್ಮ ಐದನೆಯ ಬಗೆ ಮನುಷ್ಯರಿಗೇ ಮೀಸಲು ಎಂದು ಸದ್ದಿಲ್ಲದೆ ಬಾಗಿಲು ಹಾಕಿಬಿಟ್ಟಿರಿ. ಎರಡು ನಾಯಿಗಳು ಆಡುವುದನ್ನು ನೋಡಿ. ಒಂದು ಮುಂಗಾಲು ಚಾಚಿ ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ಆಮೇಲೆ ಶುರು: ಹಲ್ಲು ಕಿರಿಯುವುದು, ಕತ್ತಿಗೆ ಬಾಯಿ ಹಾಕುವುದು, ಕೆಡವಿ ಮೇಲೆ ಬೀಳುವುದು. ಎಲ್ಲ ಕಾಳಗದ ವರಸೆಗಳೇ. ಆದರೆ ಹಲ್ಲು ಚರ್ಮಕ್ಕಿಳಿಯುವುದಿಲ್ಲ. ಬಲವಾದದ್ದು ತಾನೇ ಅಂಗಾತ ಬಿದ್ದು ಚಿಕ್ಕದಕ್ಕೆ ಗೆಲ್ಲಲು ಬಿಡುವುದೂ ಉಂಟು. ಸ್ವಲ್ಪ ಜೋರಾಗಿ ಕಚ್ಚಬೇಕಾದಾಗ ಮತ್ತೊಮ್ಮೆ ಮುಂಗಾಲು ಚಾಚಿ "ಇದು ಆಟ" ಎಂದು ನೆನಪಿಸುತ್ತದೆ.

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್‌ಸನ್ 1952ರಲ್ಲಿ ಮೃಗಾಲಯದ ಕೋತಿಗಳ ಹುಸಿ ಜಗಳ ನೋಡಿ ಯೋಚಿಸಿದ್ದು ಇದನ್ನೇ: ಆಟದ ಕಡಿತ ನಿಜವಾದ ಕಡಿತವನ್ನು ಸೂಚಿಸುತ್ತದೆ, ಆದರೆ ನಿಜವಾದ ಕಡಿತ ಏನನ್ನು ಸೂಚಿಸುತ್ತದೋ ಅದನ್ನಲ್ಲ. ಇದನ್ನು ನಿಮ್ಮ ಚಿತ್ರತುರಗದ ಪಕ್ಕ ಇಟ್ಟು ನೋಡಿ. ಕಚ್ಚಿಸಿಕೊಂಡ ಕೋತಿಗೆ ಅದು ನಿಜವಲ್ಲ, ಭ್ರಮೆಯಲ್ಲ, ಸಂಶಯವೂ ಅಲ್ಲ. ಕಲೆಯ ಬೇರು ಪ್ರಾಣಿಲೋಕದಲ್ಲಿ ಇದ್ದರೆ ಇಲ್ಲಿದೆ, ನಾವು ಹುಡುಕುತ್ತಿರುವುದು ಕಿಲ್‌ಡೀರ್‌ನ ರೆಕ್ಕೆಯಲ್ಲಿ.

ಗದ್ಯಪ್ರಿಯ:
ಈ ಮಾತು ನನ್ನ ಗೆರೆಯನ್ನು ಅಳಿಸುವುದಿಲ್ಲ, ಅದು ಹಾಯಬೇಕಾದ ಜಾಗ ತೋರಿಸುತ್ತದೆ. ಗೆರೆ ಮನುಷ್ಯನಿಗೂ ಪ್ರಾಣಿಗೂ ನಡುವೆ ಬೀಳುವುದಿಲ್ಲ. ಇಬ್ಬರೂ ಕೂಡಿ ಆಡುವ ಸೋಗಿಗೂ ಒಬ್ಬನನ್ನು ಕತ್ತಲಲ್ಲಿಟ್ಟು ಆಡುವ ಸೋಗಿಗೂ ನಡುವೆ ಬೀಳುತ್ತದೆ. ಎರಡು ವರ್ಷದ ಮಗು ಬಾಳೆಹಣ್ಣನ್ನು ಕಿವಿಗಿಟ್ಟು "ಹಲೋ" ಅಂದರೆ ನಾವೂ ಬೆರಳು ಕಿವಿಗಿಟ್ಟು ಉತ್ತರಿಸುತ್ತೇವೆ. ಆಮೇಲೆ ಮಗು ಅದೇ ಹಣ್ಣನ್ನು ಸುಲಿದು ತಿನ್ನುತ್ತದೆ, ಯಾವ ಗೊಂದಲವೂ ಇಲ್ಲ.

ಹಳೇ ಓದುಗ:
ಸಾಹಿತ್ಯದಲ್ಲಿ ಈ ಎರಡೂ ಒಂದರೊಳಗೊಂದು ಬರುತ್ತವೆ. ಅಜ್ಞಾತವಾಸದಲ್ಲಿ ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸುತ್ತಿದ್ದಾನೆ. ವಿರಾಟನಿಗೆ ಅದು ಮೋಸ, ಅವನಿಗೇನೂ ಗೊತ್ತಿಲ್ಲ. ನಮಗೆ ಎಲ್ಲ ಗೊತ್ತು. ಯುದ್ಧಕ್ಕೆ ಹೊರಟ ಉತ್ತರಕುಮಾರನಿಗೆ ಬೃಹನ್ನಳೆ ಸಾರಥಿಯಾಗುವ ಪ್ರಸಂಗದ ಸ್ವಾರಸ್ಯವೆಲ್ಲ ಇರುವುದು ಅವನಿಗೆ ಗೊತ್ತಿಲ್ಲದಿರುವುದರಲ್ಲಿ ಮತ್ತು ನಮಗೆ ಗೊತ್ತಿರುವುದರಲ್ಲಿ. ಓದುಗನನ್ನು ಗುಟ್ಟಿನ ಒಳಗೆ ಕೂರಿಸಿಕೊಂಡೇ ಕತೆ ಒಬ್ಬ ರಾಜನನ್ನು ವಂಚಿಸುತ್ತದೆ.

ಓದುಗನನ್ನೇ ಹೊರಗಿಟ್ಟರೆ? ಹಾನ್ ವಾನ್ ಮೀಗರೆನ್ ಎಂಬ ಡಚ್ ಚಿತ್ರಕಾರ ಬಣ್ಣಕ್ಕೆ ಬೇಕಲೈಟ್ ಬೆರೆಸಿ, ಬರೆದ ಚಿತ್ರವನ್ನು ಕಾಯಿಸಿ ಗಟ್ಟಿಮಾಡಿ, 17ನೇ ಶತಮಾನದ ವರ್ಮೀರ್‌ನ ಕೃತಿಯೆಂದು ದಾಟಿಸಿದ. 1937ರಲ್ಲಿ ಬ್ರೆಡಿಯಸ್‌ನಂಥ ಹಿರಿಯ ವಿದ್ವಾಂಸನೇ ಅಂಥದೊಂದನ್ನು ವರ್ಮೀರ್‌ನ ಶ್ರೇಷ್ಠ ಕೃತಿಯೆಂದು ಕೊಂಡಾಡಿದ. ಯುದ್ಧ ಮುಗಿದ ಮೇಲೆ, ದೇಶದ ಸಂಪತ್ತನ್ನು ನಾಜಿ ನಾಯಕ ಗೋರಿಂಗ್‌ಗೆ ಮಾರಿದ ಆರೋಪದಲ್ಲಿ ಸಿಕ್ಕಿಬಿದ್ದಾಗ, ಮಾರಿದ್ದು ನಕಲಿ ಎಂದು ಅವನೇ ಹೇಳಬೇಕಾಯಿತು. ಕಾವಲಿನಲ್ಲಿ ಕೂತು ಇನ್ನೊಂದನ್ನು ಬರೆದು ತೋರಿಸಿದ. 1947ರಲ್ಲಿ ಒಂದು ವರ್ಷದ ಸಜೆಯಾಯಿತು, ಅನುಭವಿಸುವ ಮೊದಲೇ ತೀರಿಕೊಂಡ.

ಸಾಕ್ಷಿಬೇಕು:
ಅದೇ ಬಣ್ಣ, ಅದೇ ಕ್ಯಾನ್ವಾಸು. ನಿನ್ನೆ ಶ್ರೇಷ್ಠವಾಗಿದ್ದದ್ದು ಇವತ್ತು ಹೇಗೆ ಕಳಪೆಯಾಯಿತು? ಚಿತ್ರ ಬದಲಾಗಲಿಲ್ಲವಲ್ಲ.

ರಂಗದ ಮಾತು:
ಚಿತ್ರ ಬದಲಾಗಲಿಲ್ಲ, ನಿಜ. ಆದರೆ ನೋಡುವವನನ್ನು ಮೀಗರೆನ್ ನರಿಯ ಜಾಗದಲ್ಲಿ ನಿಲ್ಲಿಸಿದ್ದ. "ಇದು ವರ್ಮೀರ್‌ನ ಶೈಲಿಯ ಅಭ್ಯಾಸ" ಎಂದು ಕೆಳಗೆ ಬರೆದಿದ್ದರೆ ಅವನ ಕೈಚಳಕವನ್ನು ನಾನೂ ಮೆಚ್ಚುತ್ತಿದ್ದೆ.

ಹಕ್ಕಿನೋಟ:
ಆಫ್ರಿಕದ ಕಾಳಹರಿ ಮರುಭೂಮಿಯ ಕಾಜಾಣದ ಕತೆ ಇದಕ್ಕೆ ಒಪ್ಪುತ್ತದೆ. ಅದು ಗಿಡುಗ ಬಂದಾಗ ನಿಜವಾಗಿಯೇ ಕೂಗಿ ಮುಂಗುಸಿಯ ಬಳಗದ ಮೀರ್‌ಕ್ಯಾಟ್‌ಗಳನ್ನು ಎಚ್ಚರಿಸುತ್ತದೆ. ಮೀರ್‌ಕ್ಯಾಟಿಗೆ ಒಳ್ಳೆಯ ಬೇಟೆ ಸಿಕ್ಕಾಗ ಸುಳ್ಳೇ ಕೂಗಿ, ಅದು ಓಡಿದ ಮೇಲೆ ತುತ್ತು ಕದಿಯುತ್ತದೆ. ಟಾಮ್ ಫ್ಲವರ್ ತಂಡ 2014ರಲ್ಲಿ ತೋರಿಸಿದಂತೆ, ಒಂದು ಕೂಗಿಗೆ ಬೆಲೆ ಸಿಗದಿದ್ದರೆ ಬೇರೆ ಪ್ರಾಣಿಯ ಕೂಗಿಗೆ ಬದಲಾಯಿಸುತ್ತದೆ. ನಿಜದ ಕೂಗು ಇರುವುದರಿಂದಲೇ ಸುಳ್ಳು ಕೂಗು ನಡೆಯುತ್ತದೆ. ನಿಜವಾದ ವರ್ಮೀರ್‌ಗಳು ಇಲ್ಲದಿದ್ದರೆ ಮೀಗರೆನ್‌ಗೂ ಬೆಲೆಯಿರುತ್ತಿರಲಿಲ್ಲ.

ಮೂರನೇ ಬೆಂಚು:
ಸಾಕ್ಷಿಬೇಕು ಅವರ ಪ್ರಶ್ನೆಗೆ ಪ್ರಾಣಿಗಳಿಂದಲೇ ಒಂದು ಉತ್ತರ ಕೊಡಬಹುದು. ವಿಜ್ಞಾನಿ ಮಾರ್ಕ್ ಬೆಕಾಫ್ ತೋಳದ ಬಳಗದ ಕಯೋಟಿಗಳನ್ನು ಗಮನಿಸಿ ಬರೆದದ್ದು: ಆಟಕ್ಕೆಂದು ಬಾಗಿ ಕರೆದು, ಬಂದವರ ಮೇಲೆ ನಿಜವಾಗಿ ಎರಗುವ ಮರಿಯ ಜೊತೆ ಉಳಿದವು ಆಡಲು ಒಪ್ಪುವುದಿಲ್ಲ. ಕಡಿತದ ನೋವು ಜಗಳದಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಆದರೆ ಕಾದಾಡಿದವರ ಜೊತೆ ಮತ್ತೆ ಆಡಬಹುದು. ಆಟದ ಕರೆಯನ್ನೇ ಸುಳ್ಳಾಗಿಸಿದವನ ಜೊತೆ ಆಡುವುದು ಹೇಗೆ? ಮೀಗರೆನ್ ಹಾಳುಮಾಡಿದ್ದೂ ಆ ಕರೆಯನ್ನೇ ಎಂದು ನಾನು ತಿಳಿಯುತ್ತೇನೆ. ಆ ತಪ್ಪನ್ನು ಅವನ ಕ್ಯಾನ್ವಾಸಿನ ಮೇಲೆ ಹುಡುಕಿದರೆ ಸಿಗುವುದಿಲ್ಲ.