ಸಂಕ್ರಾಂತಿಗೆ ಊರಿಗೆ ಬರುವುದಾದರೆ ಒಂದು ವಾರ ಮೊದಲೇ ಬನ್ನಿ

ಹೊರದೇಶದಲ್ಲಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರ ಗುಂಪಿನಲ್ಲಿ ನಡೆಯುತ್ತಿರುವ ಚರ್ಚೆ ಓದುತ್ತಿದ್ದೆ. ಜನವರಿ ಟಿಕೆಟ್‌ಗೆ ಅಷ್ಟೊಂದು ದುಡ್ಡು ಸುರಿದು ಮಕ್ಕಳಿಗೆ ಊರಿನ ಹಬ್ಬ ತೋರಿಸಬೇಕಾ, ಇಲ್ಲ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರೆ ಸಾಕಾ ಅಂತ. ನಾನೀಗ ಮಂಡ್ಯದ ಹತ್ತಿರ ನಮ್ಮ ಅಪ್ಪನ ಮನೆಯಲ್ಲೇ ಇದ್ದೇನೆ. ನಾವಿರುವ ಮೆಲ್ಬರ್ನ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ, ಇಲ್ಲಿ ಸಂಕ್ರಾಂತಿ ಈಗಷ್ಟೇ ಮುಗಿದಿದೆ. ಎಳ್ಳು ಬೆಲ್ಲದ ಡಬ್ಬಿ ಇನ್ನೂ ಅಡುಗೆಮನೆ ಕಟ್ಟೆ ಮೇಲೇ ಇದೆ. ಹಾಗಾಗಿ ಬಿಸಿ ಆರುವ ಮೊದಲೇ ಬರೆದುಬಿಡುತ್ತೇನೆ.

ಬರೀ ತೋರಿಸುವುದಕ್ಕೇ ಆದರೆ ಬರಬೇಡಿ. ಹಬ್ಬದ ಹಿಂದಿನ ದಿನ ಬಂದು, ಹೊಸ ಬಟ್ಟೆ ಹಾಕಿಸಿ, ಫೋಟೋ ತೆಗೆದು, ಮರುದಿನ ಮೈಸೂರು ಅರಮನೆ ನೋಡಿಕೊಂಡು ವಾಪಸ್ ಹೋಗುವುದಾದರೆ ಸಂಘದ ಕಾರ್ಯಕ್ರಮಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಸಂಘದವರನ್ನು ನಾನು ಬೈಯುತ್ತಿಲ್ಲ. ಶನಿವಾರ ಹಾಲ್ ಹಿಡಿದು, ಇನ್ನೂರು ಜನಕ್ಕೆ ಊಟ ಹಾಕುವುದು ಸುಮ್ನೆ ಆಗುವ ಕೆಲಸ ಅಲ್ಲ. ಆದರೆ ಅಲ್ಲಿ ಕೆಲಸ ಎಲ್ಲ ದೊಡ್ಡವರದು. ಮಕ್ಕಳು ಸ್ಟೇಜ್ ಮೇಲೆ ಹೋಗಿ ಬಂದು, ತಟ್ಟೆ ಹಿಡಿದು ಕೂತುಕೊಳ್ಳುತ್ತಾರೆ. ನೆಂಟರ ಹಾಗೆ.

ನಮ್ಮ ಚಿಕ್ಕಂದಿನ ಸಂಕ್ರಾಂತಿ ಅಂದರೆ ನಿಮಗೆ ಏನು ನೆನಪಾಗುತ್ತದೆ? ನನಗೆ ಪೂಜೆ ಅಷ್ಟಾಗಿ ನೆನಪಿಲ್ಲ. ಅದಕ್ಕೆ ಮುಂಚಿನ ದಿನಗಳು ನೆನಪಿವೆ. ಕೊಬ್ಬರಿ ಗಿಟುಕಿನ ಬೆನ್ನಿನ ಕಂದು ಸಿಪ್ಪೆ ಹೆರೆಯಬೇಕು. ಆಮೇಲೆ ಅದನ್ನು ಸಣ್ಣಗೆ, ಒಂದೇ ಅಳತೆಗೆ ಹೆಚ್ಚಬೇಕು. ಅಚ್ಚು ಬೆಲ್ಲ ಹೆಚ್ಚಿ ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಡಬ್ಬಿಯಲ್ಲಿ ಅಂಟಿಕೊಳ್ಳುತ್ತದೆ. ಕಡಲೆಕಾಯಿ ಬೀಜ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಬೇಕು. ಜಗಲಿ ತುಂಬ ಮಕ್ಕಳು. ಬೆಲ್ಲ ಹೆಚ್ಚುವವರ ಮೇಲೆ ಅಜ್ಜಿಗೆ ಸದಾ ಒಂದು ಕಣ್ಣು. ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಬೆರಳಲ್ಲಿ ಬೊಬ್ಬೆ ಬಂದಿರುತ್ತಿತ್ತು. ಹಬ್ಬದ ದಿನ ತಟ್ಟೆ ಹಿಡಿದು ಎಳ್ಳು ಬೀರೋಕೆ ಹೊರಟಾಗ ಇದು ನಾವು ಮಾಡಿದ್ದು ಅನ್ನುವ ಜಂಬವೂ ಇರುತ್ತಿತ್ತು.

ಈ ಸಲ ನನ್ನ ಮಕ್ಕಳಿಗೂ ಅದೇ ಸಿಗಲಿ ಅಂತ ಒಂದು ವಾರ ಮೊದಲೇ ಬಂದೆವು. ಬಂದು ಅವರನ್ನು ಅತ್ತಿಗೆಯ ಕೈಗೆ ಒಪ್ಪಿಸಿದೆ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಇದು ಮುಖ್ಯ. ನಾವು ಪಕ್ಕದಲ್ಲಿದ್ದರೆ ಮಕ್ಕಳು ನಮ್ಮ ಮುಖ ನೋಡುತ್ತಾರೆ, ನಾವು ಇಂಗ್ಲಿಷ್‌ಗೆ ತಿರುಗಿಸಿ ಹೇಳುತ್ತೇವೆ, ಅಲ್ಲಿಗೆ ಮುಗಿಯಿತು.

ಮೊದಲ ಕೆಲಸ ಅವರೆಕಾಳು ಇತುಕುವುದು. ಸೊಗಡವರೆ ಕಾಲ ಇದು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ನನ್ನ ಮಗನಿಗೆ ಆರು ವರ್ಷ. ಬೇಳೆ ಪಾತ್ರೆಗೆ ಬಿದ್ದದ್ದಕ್ಕಿಂತ ಅವನ ಅಕ್ಕನ ಮುಖಕ್ಕೆ ಬಿದ್ದದ್ದೇ ಜಾಸ್ತಿ. ಮಧ್ಯಾಹ್ನ ಇತ್ಕಬೇಳೆ ಸಾರು, ಮುದ್ದೆ. ಮೆಲ್ಬರ್ನ್‌ನಲ್ಲಿ ಮುದ್ದೆ ಕಂಡರೆ ಮೂಗು ಮುರಿಯುತ್ತಿದ್ದವನು ಇಲ್ಲಿ ತಾನು ಇತುಕಿದ ಬೇಳೆ ಅಂತ ಹುಡುಕಿ ಹುಡುಕಿ ತಿಂದ. ಮುದ್ದೆ ಅರ್ಧಕ್ಕೇ ಬಿಟ್ಟ ಅನ್ನಿ, ಅದೂ ಸರಿಯೇ.

ಇನ್ನೊಂದು ವಿಷಯ ಗಮನಿಸಿದೆ. ಗುಂಪಿನಲ್ಲಿ ಎಷ್ಟೋ ಜನ ಕೇಳುತ್ತೀರಿ, ಮಕ್ಕಳಿಗೆ ಕನ್ನಡ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುತ್ತಾರೆ, ಏನು ಮಾಡುವುದು ಅಂತ. ನಾವು ಅಲ್ಲಿ ಅವರ ಜೊತೆ ಕನ್ನಡದಲ್ಲಿ ಏನು ಮಾತಾಡುತ್ತೇವೆ ಯೋಚನೆ ಮಾಡಿ. "ಸ್ಕೂಲ್ ಹೇಗಿತ್ತು?", "ಊಟ ಮಾಡಿದ್ಯಾ?" ಎರಡೂ ಪ್ರಶ್ನೆ. ಒಂದೊಂದು ಪದದಲ್ಲಿ ಉತ್ತರ ಮುಗಿಯುತ್ತದೆ. ಇಲ್ಲಿ ಅತ್ತಿಗೆ ಕೇಳುವುದೇ ಇಲ್ಲ, ಹೇಳುತ್ತಾರೆ. "ಮಗ, ಆ ಮೊರ ಎತ್ಕೊಂಬಾ." "ಆಚೆ ಬಿಸಿಲಲ್ಲಿ ಬೆಲ್ಲ ಅವೆ, ಇರುವೆ ಬಂದವಾ ನೋಡ್ಕೊಂಬಾ." ಹೋಗಿ ನೋಡಿ ಬಂದು ಏನಾದರೂ ಹೇಳಲೇಬೇಕಲ್ಲ! ನನ್ನ ಹನ್ನೊಂದು ವರ್ಷದ ಮಗಳು ಮೂರನೇ ದಿನಕ್ಕೆ "ಅತ್ತೆ, ಇರುವೆ ಬಂದವೆ" ಅಂತ ಮಂಡ್ಯದ ರಾಗದಲ್ಲೇ ಕೂಗಿದಳು. ಕನ್ನಡ ತರಗತಿಗೆ ಕಳಿಸುವವರು ಕಳಿಸಿ, ಅದು ಅಕ್ಷರಕ್ಕೆ ಬೇಕು. ಬಾಯಿ ಬಿಡಿಸುವುದು ಮಾತ್ರ ಇಂಥ ಕೆಲಸವೇ ಅಂತ ನನಗೆ ಖಾತ್ರಿಯಾಗಿದೆ.

ಅವಳ ಸ್ಕೂಲಿನಲ್ಲಿ ಒಂದು ಪುಸ್ತಕ ಕೊಟ್ಟಿದ್ದಾರೆ. ದಿನಾ ರಾತ್ರಿ ಯಾವುದಕ್ಕೆ ಖುಷಿಯಾಯಿತು, ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಬರೆಯುವುದು. ಒಳ್ಳೆಯ ಅಭ್ಯಾಸವೇ. ಆದರೆ ತಿಂಗಳಿಡೀ "ಅಮ್ಮ, ನಾಯಿ, ಪಿಜ್ಜಾ" ಅಂತಲೇ ಇತ್ತು. ಇಲ್ಲಿ ಹಬ್ಬದ ಬೆಳಿಗ್ಗೆ ಅಣ್ಣ ಅವಳ ಕೈಗೆ ಒಂದು ಹಿಡಿ ಹುಲ್ಲು ಕೊಟ್ಟು ನಾಲೆ ಹತ್ತಿರ ಕರೆದುಕೊಂಡು ಹೋದ, ಹಸು ಮೈ ತೊಳೆಯುವುದಕ್ಕೆ. ಕೊಂಬಿಗೆ ಬಣ್ಣ ಬಳಿದಳು, ಕೊರಳಿಗೆ ಹೂವಿನ ಹಾರ ಹಾಕಿದಳು. ಸಂಜೆ ಅದೇ ಹಸುವಿನ ಹಾಲು ಡೇರಿಗೆ ಹಾಕಲು ಕ್ಯಾನ್ ಹಿಡಿದು ಹೋದಳು. ಅವತ್ತು ಪುಸ್ತಕದಲ್ಲಿ ಏನು ಬರೆದಳೋ ನಾನು ಕೇಳಲಿಲ್ಲ.

ಅಪ್ಪ ಬೆಳಿಗ್ಗೆ ಪೇಪರ್ ಬಿಚ್ಚಿದರೆ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ. ಪೂರ್ತಿ ತುಂಬಿದರೆ 124.80 ಅಡಿ. ಮಂಡ್ಯದಲ್ಲಿ ಈ ಲೆಕ್ಕ ಚಿಕ್ಕ ಮಕ್ಕಳಿಗೂ ಗೊತ್ತು. ಈಗ ಅದನ್ನು ಮೊಮ್ಮಗಳ ಹತ್ತಿರ ಓದಿಸುತ್ತಾರೆ. ಗೋಡೆ ಮೇಲಿರುವ, ಆ ಕಟ್ಟೆ ಕಟ್ಟಿಸಿದ ಮೈಸೂರು ಮಹಾರಾಜ ನಾಲ್ವಡಿಯವರ ಫೋಟೋ ಯಾಕೆ ದೇವರ ಫೋಟೋ ಪಕ್ಕ ಇದೆ ಅಂತ ಅವಳು ಕೇಳಿದಳು. 1911ರಲ್ಲಿ ಕಟ್ಟಲು ಶುರು ಮಾಡಿದ ಆ ಕಟ್ಟೆಯಿಂದ ನಾಲೆ, ನಾಲೆಯಿಂದ ಭತ್ತ ಮತ್ತು ಕಬ್ಬು, ಕಬ್ಬಿನಿಂದ ಆಲೆಮನೆ, ಅಲ್ಲಿಂದ ನೀನು ಹೆಚ್ಚಿದ ಬೆಲ್ಲ ಅಂತ ಅಪ್ಪ ಕೂರಿಸಿಕೊಂಡು ಹೇಳಿದರು. ಮಧ್ಯೆ ಮಧ್ಯೆ ರಾಜಕೀಯವೂ ಬಂತು, ಅದನ್ನು ಬಿಟ್ಟುಬಿಡಿ.

ಎಲ್ಲ ಹಿಂದಿನ ಹಾಗೇ ಇದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಊರಲ್ಲಿ ಎತ್ತು ಕಟ್ಟಿರುವ ಮನೆಗಳು ಬೆರಳೆಣಿಕೆಯಷ್ಟು. ಉಳುಮೆಗೆ ಟ್ರ್ಯಾಕ್ಟರ್. ಸಂಜೆ ಕಿಚ್ಚು ಹಾಯಿಸುವಾಗ, ಅಂದರೆ ದನಗಳನ್ನು ಬೆಂಕಿ ದಾಟಿಸುವಾಗ, ಎತ್ತಿಗಿಂತ ಮೊಬೈಲ್ ಹಿಡಿದವರೇ ಜಾಸ್ತಿ ಇದ್ದರು. ದೊಡ್ಡದಾಗಿ ನೋಡಬೇಕು ಅಂದರೆ ಮೈಸೂರಿನ ಹತ್ತಿರ ಸಿದ್ಧಲಿಂಗಪುರಕ್ಕೆ ಹೋಗಬೇಕು. ಮೈಸೂರಿನಲ್ಲಿರುವ ನಮ್ಮ ಅಕ್ಕ ಎಳ್ಳು ಬೆಲ್ಲ ಅಂಗಡಿಯಿಂದಲೇ ತರುತ್ತಾಳೆ. ಎರಡೂ ಹೊತ್ತು ಕೆಲಸಕ್ಕೆ ಓಡುವವಳು ಇನ್ನೇನು ಮಾಡುತ್ತಾಳೆ?

ಬರಲು ಆಗದವರಿಗೆ ಅಂತ ನಾಲ್ಕು ಮಾತು. ಹಬ್ಬದ ಹಿಂದಿನ ಭಾನುವಾರ ಮೂರು ನಾಲ್ಕು ಮನೆಯವರು ಒಂದು ಕಡೆ ಸೇರಿ ಕೊಬ್ಬರಿ ಹೆಚ್ಚಿ. ಚಾಕು ಮಕ್ಕಳ ಕೈಗೂ ಕೊಡಿ, ಪಕ್ಕದಲ್ಲಿ ಕೂತಿರಿ ಅಷ್ಟೇ. ಆಸ್ಟ್ರೇಲಿಯಾದಲ್ಲಿ ಆಗ ರಜೆ ಇರುವುದರಿಂದ ನಮಗೆ ಸುಲಭ. ಅಮೆರಿಕದವರಿಗೆ ಸ್ಕೂಲ್ ಇರುತ್ತದೆ, ಆದರೂ ಭಾನುವಾರ ಎಲ್ಲಿಗೂ ಓಡಿಹೋಗಲ್ಲ. ಹಬ್ಬ ಕೆಲವು ವರ್ಷ 14ಕ್ಕೆ, ಕೆಲವು ವರ್ಷ 15ಕ್ಕೆ ಬರುತ್ತದೆ, ರಜೆ ಹಾಕುವ ಮೊದಲು ಪಂಚಾಂಗ ನೋಡಿಕೊಳ್ಳಿ. ಅವರೆಕಾಳಿಗೆ ಬದಲಾಗಿ ಇಂಡಿಯನ್ ಅಂಗಡಿಯ ಫ್ರೀಜರ್‌ನಲ್ಲಿ ಸುರ್ತಿ ಪಾಪಡಿ ಕಾಳು ಸಿಗುತ್ತದೆ. ಸೊಗಡು ಇರುವುದಿಲ್ಲ, ಇತುಕುವ ಮಜಾ ಇರುತ್ತದೆ.

ಎಳ್ಳು ಬೀರುವಾಗ ಒಂದು ಎಚ್ಚರಿಕೆ. ಕಡಲೆಬೀಜ, ಎಳ್ಳು ಎರಡೂ ಅಲರ್ಜಿ ಪಟ್ಟಿಯಲ್ಲಿರುವ ಪದಾರ್ಥ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಪೊಟ್ಟಣದ ಮೇಲೆ ಬರೆಯಲೇಬೇಕು ಅಂತ ಕಾನೂನಿದೆ. ಅಕ್ಕಪಕ್ಕದವರ ಬಾಗಿಲು ತಟ್ಟುವ ಮೊದಲು ಕೇಳಿಕೊಳ್ಳಿ, ಸ್ಕೂಲಿಗಂತೂ ಕಳಿಸಬೇಡಿ. ಅಲರ್ಜಿ ಇರುವವರಿಗೆ ಸಕ್ಕರೆ ಅಚ್ಚು, ಬಾಳೆಹಣ್ಣು ಕೊಟ್ಟರೆ ಆಯಿತು. ಊರಿಂದ ತಿನ್ನುವ ಪದಾರ್ಥ ಏನೇ ತಂದರೂ ಆಸ್ಟ್ರೇಲಿಯಾದ ಏರ್‌ಪೋರ್ಟಿನಲ್ಲಿ ಬರೆದು ತೋರಿಸಿ. ಕಬ್ಬಿನ ಜಲ್ಲೆ, ವೀಳ್ಯದೆಲೆಯ ಆಸೆ ಇಲ್ಲೇ ಬಿಟ್ಟು ಹೊರಡಿ. ಕಿಚ್ಚಿನ ಮಾತಂತೂ ಎತ್ತಲೇಬೇಡಿ. ಜನವರಿಯಲ್ಲಿ ವಿಕ್ಟೋರಿಯಾದಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬೆಂಕಿ ಹಚ್ಚುವುದನ್ನೇ ನಿಷೇಧ ಮಾಡುವ ದಿನಗಳಿರುತ್ತವೆ.

ಎರಡು ವರ್ಷದ ಮಗುವಿಗೆ ಕರಿ ಎರೆಯಬೇಕು (ಹಬ್ಬದಲ್ಲಿ ಮಗುವಿನ ತಲೆ ಮೇಲೆ ಎಲಚಿಹಣ್ಣು, ಕಾಸು ಸುರಿಯುವ ಶಾಸ್ತ್ರ), ಎಲಚಿಹಣ್ಣು ಎಲ್ಲಿ ಸಿಗುತ್ತದೆ ಅಂತ ಗುಂಪಿನಲ್ಲಿ ಒಬ್ಬರು ಕೇಳಿದ್ದಿರಿ. ಚೀನೀ ಅಂಗಡಿಗಳಲ್ಲಿ ಸಿಗುವ ಕೆಂಪು ಖರ್ಜೂರದಂಥ ಹಣ್ಣು ಎಲಚಿಯ ಕುಲದ್ದೇ, ಅದು ನಡೆಯುತ್ತದೆ. ಒಣಗಿದ್ದು ಗಟ್ಟಿ ಇರುತ್ತದೆ, ಸಣ್ಣದು ನೋಡಿ ಆರಿಸಿ, ತಲೆಗೆ ಹತ್ತಿರದಿಂದಲೇ ಮೆಲ್ಲಗೆ ಸುರಿಯಿರಿ. ಚಿಲ್ಲರೆ ಕಾಸು ಹಾಕುವುದಾದರೆ ದೊಡ್ಡ ನಾಣ್ಯ ಒಂದೆರಡು ಸಾಕು, ಸುರಿದ ಕೂಡಲೇ ಎತ್ತಿಡಿ. ಆ ವಯಸ್ಸಿಗೆ ಎಲ್ಲವೂ ಬಾಯಿಗೇ ಹೋಗುತ್ತದೆ.