‘ಫಿಕ್ಸೇಶನ್’ ಎನ್ನಲು ‘ಸಂರಕ್ಷಣೆ’ ಸಾಕೇ?

ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತಿರುವ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತುಬಂದ ಮಕ್ಕಳಿಗಾಗಿ ರೋಗಶಾಸ್ತ್ರದ ಮೊದಲ ಪಾಠಗಳನ್ನು ಬರೆಯುತ್ತಿದ್ದೇನೆ. ಪರೀಕ್ಷೆಗೆಂದು ತೆಗೆದ ಅಂಗಾಂಶವನ್ನು ರಾಸಾಯನಿಕದಲ್ಲಿಟ್ಟು ಕೆಡದಂತೆ ಬಿಗಿದು ನಿಲ್ಲಿಸುವ ‘ಫಿಕ್ಸೇಶನ್’ ಎಂಬ ಪದಕ್ಕೆ ಬಂದು ಬರವಣಿಗೆ ನಿಂತಿದೆ. ಇದಕ್ಕೆ ‘ಸಂರಕ್ಷಣೆ’ ಎಂದು ಬರೆದರೆ ಅರ್ಥವೇ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

ದೇಹದಿಂದ ಬೇರ್ಪಟ್ಟ ಅಂಗಾಂಶವನ್ನು ಅದರದೇ ಕಿಣ್ವಗಳು ಕರಗಿಸತೊಡಗುತ್ತವೆ, ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಇವೆರಡೂ ನಿಧಾನವಾಗುತ್ತವೆ, ಅಷ್ಟೆ. ಶೇಕಡಾ 10ರ (ಫಾರ್ಮಾಲ್ಡಿಹೈಡ್ ಅನಿಲ ಕರಗಿದ ದ್ರಾವಣವಾದ) ಫಾರ್ಮಲಿನ್‌ನಲ್ಲಿಟ್ಟರೆ ಆಗುವುದೇ ಬೇರೆ: ಅದು ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ ಒಳಗಿಳಿಯುತ್ತಾ, ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು, ಜೀವಕೋಶದ ರಚನೆಯನ್ನು ಹೆಚ್ಚುಕಡಿಮೆ ಇದ್ದಂತೆಯೇ ಬಿಗಿದು ನಿಲ್ಲಿಸುತ್ತದೆ.

ಪದದ ಗೊಂದಲದಿಂದ ನಷ್ಟವಾದದ್ದನ್ನು ನಾನೇ ಕಂಡಿದ್ದೇನೆ. ಶವಪರೀಕ್ಷೆಯಲ್ಲಿ ವಿಷದ ತಪಾಸಣೆಗೆ ತೆಗೆದ ಜಠರ, ಯಕೃತ್ತುಗಳ ಭಾಗಗಳನ್ನು ಸಾಮಾನ್ಯವಾಗಿ ಅಡುಗೆ ಉಪ್ಪಿನ ತುಂಬುದ್ರಾವಣದಲ್ಲಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ಫಾರ್ಮಲಿನ್ ಬಳಸಬಾರದು, ಏಕೆಂದರೆ ವಿಷವನ್ನು ಬೇರ್ಪಡಿಸಲು ಅದು ಅಡ್ಡಿಯಾಗುತ್ತದೆ. ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗುವ ತುಂಡಿಗೆ ಫಾರ್ಮಲಿನ್ನೇ ಬೇಕು. ಎರಡಕ್ಕೂ ‘ಸಂರಕ್ಷಿಸಿ ಕಳುಹಿಸಿ’ ಎಂದೇ ಬರೆದಿದ್ದ ಒಂದು ಕಡೆಯಿಂದ ಹೃದಯದ ತುಂಡು ಉಪ್ಪುನೀರಿನಲ್ಲಿ ಬಂದಿತ್ತು. ಆ ಮನೆಯವರಿಗೆ ಸಾವಿನ ಕಾರಣವನ್ನು ಖಚಿತವಾಗಿ ಹೇಳಲಾಗಲಿಲ್ಲ.

‘ಸ್ಥಿರೀಕರಣ’ ಇದೆಯಲ್ಲ ಎನ್ನಬಹುದು. ಶಾಸ್ತ್ರೀಯವಾಗಿ ಅದು ಸರಿ, ಶೀರ್ಷಿಕೆಗೂ ಒಪ್ಪುತ್ತದೆ. ಆದರೆ ಸಾರಜನಕದ ಸ್ಥಿರೀಕರಣ, ಬೆಲೆ ಸ್ಥಿರೀಕರಣಗಳನ್ನು ಓದಿದ ಮಗುವಿಗೆ ಇದರಿಂದ ಚಿತ್ರ ಮೂಡುವುದಿಲ್ಲ. ‘ತುಂಡು ಇನ್ನೂ ಫಿಕ್ಸ್ ಆಗಿಲ್ಲ, ನಡುವೆ ಕೆಂಪಗಿದೆ’ ಎಂಬ ದಿನಬಳಕೆಯ ಮಾತಿನಲ್ಲಿ ‘ಸ್ಥಿರೀಕರಣಗೊಂಡಿಲ್ಲ’ ಎಂದು ಯಾರೂ ಆಡಲಾರರು.

ನನಗೆ ಹೊಳೆದಿರುವುದು ‘ಹದ’. ಚರ್ಮ ಹದಮಾಡುವುದು ಎನ್ನುತ್ತೇವಲ್ಲ, ಅಲ್ಲಿಯೂ ನಡೆಯುವುದು ಪ್ರೋಟೀನುಗಳ ಬೆಸುಗೆಯೇ. 1893ರಲ್ಲಿ ಜರ್ಮನಿಯ ವೈದ್ಯ ಫರ್ಡಿನಂಡ್ ಬ್ಲುಮ್ ಫಾರ್ಮಲಿನ್‌ನ ಈ ಗುಣವನ್ನು ಗುರುತಿಸಿದ್ದೂ ಅದನ್ನು ಮುಟ್ಟಿ ತಮ್ಮ ಬೆರಳಿನ ಚರ್ಮ ಗಡುಸಾದದ್ದನ್ನು ಕಂಡು. ಮೇಲಾಗಿ ಹದ ಎಂದರೆ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ: ತೀರ ಹೆಚ್ಚು ದಿನ ಫಾರ್ಮಲಿನ್‌ನಲ್ಲಿ ಉಳಿದರೆ ಮುಂದಿನ ಕೆಲವು ಪರೀಕ್ಷೆಗಳಲ್ಲಿ ಬಣ್ಣ ಸರಿಯಾಗಿ ಹಿಡಿಯದು. ‘ಹದಗೊಳಿಸು’, ‘ಹದಗೊಂಡಿದೆ’, ‘ಹದಕಾರಕ’ ಎಂದು ರೂಪಗಳೂ ಸಲೀಸಾಗಿ ಹುಟ್ಟುತ್ತವೆ.

ಹಿಂಜರಿಕೆ ಒಂದೇ. ತೀರಿಹೋದವರ ಅಂಗದ ಬಗ್ಗೆ ಬರೆಯುವಾಗ ಚರ್ಮದ ಕಸುಬನ್ನೂ ಅಡುಗೆಯ ಪಾಕವನ್ನೂ ನೆನಪಿಸುವ ಈ ಪದ ಓದುವವರ ಮನಸ್ಸಿಗೆ ನೋವುಂಟುಮಾಡೀತೇ? ಚರ್ಮ ಹದಮಾಡುವ ಕೇರಿಗಳಲ್ಲಿ ಈ ಬಿಗಿಯುವ ಹಂತವೊಂದಕ್ಕೇ ಬೇರೆ ಮಾತು ಬಳಕೆಯಲ್ಲಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು.