ಮೊದಲ ಬಾರಿಗೆ ರೋಲ್‌ಪ್ಲೇಯಿಂಗ್ ಆಟ ನಡೆಸುವವರಿಗೆ ಯಾವ ಪದ್ಧತಿ ಸೂಕ್ತ?

ಪ್ರಶ್ನೆ

ನಾವು ಐದು ಜನ ಗೆಳೆಯರು ಭಾನುವಾರದ ಸಂಜೆಗಳಲ್ಲಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುತ್ತಾ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟ ಆಡಬೇಕೆಂದಿದ್ದೇವೆ. ಹಿಂದೆ ಎರಡು ಸಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವನು ನಾನೊಬ್ಬನೇ ಆದ್ದರಿಂದ ಕಥೆ ನಡೆಸಿ ನಿಯಮ ನೋಡಿಕೊಳ್ಳುವ ಗೇಮ್ ಮಾಸ್ಟರ್ ಆಗುವ ಹೊಣೆಯೂ ನನ್ನ ಮೇಲೆಯೇ ಬಿದ್ದಿದೆ. ಒಮ್ಮೆಗೆ ಮೂರು ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಇಬ್ಬರಿಗೆ ಇಂಗ್ಲಿಷ್ ನಿಯಮಪುಸ್ತಕ ಓದುವ ರೂಢಿ ಇಲ್ಲದಿರುವುದರಿಂದ ಆಟವೆಲ್ಲ ಕನ್ನಡದಲ್ಲೇ ನಡೆಯಬೇಕು. ಯಾವ ಪದ್ಧತಿಯಿಂದ, ಅಂದರೆ ಯಾವ ಆಟದ ನಿಯಮಗಳಿಂದ, ಆರಂಭಿಸಬಹುದು?

ಉತ್ತರ 1

ತಮಗೆ ಪರಿಚಯವಿರುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದ ಬಗ್ಗೆ ಯಾವ ಸಂದೇಹ ಹುಟ್ಟಿದರೂ ಯಾರಾದರೂ ಅದನ್ನು ಈಗಾಗಲೇ ಕೇಳಿ ಉತ್ತರ ಪಡೆದಿರುತ್ತಾರೆ; ಹೊಸಬರಿಗೆ ಇದು ಸಣ್ಣ ಅನುಕೂಲವಲ್ಲ. ಮುನ್ನೂರು ಪುಟ ಮೀರಿದ ಮೂರು ಮುಖ್ಯ ಪುಸ್ತಕಗಳನ್ನು ನೋಡಿ ಗಾಬರಿಯಾಗಬೇಡಿ, ಮೊದಲೇ ಕೊಳ್ಳಲೂ ಬೇಡಿ. ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ. ಸಿದ್ಧಪಡಿಸಿದ ಪಾತ್ರಗಳನ್ನು ಆಟಗಾರರ ಕೈಗೆ ಕೊಟ್ಟು, ‘ನೀವು ಏನು ಮಾಡುತ್ತೀರಿ?’ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಆಡುತ್ತಾ ಕಲಿಯುತ್ತಾರೆ.

ಉತ್ತರ 2

ಮೇಲಿನವರ ಮಾತನ್ನು ಗೌರವದಿಂದಲೇ ಒಪ್ಪಲಾರೆ. ಪ್ರಶ್ನೆಯಲ್ಲಿರುವ ನಿಜವಾದ ತೊಡಕು ಆಟಗಾರರದ್ದಲ್ಲ, ಗೇಮ್ ಮಾಸ್ಟರ್‌ನದ್ದು: ಇವರು ಪ್ರತಿಯೊಂದು ನಿಯಮವನ್ನೂ ಇಂಗ್ಲಿಷಿನಲ್ಲಿ ಓದಿ, ನೆನಪಿಟ್ಟು, ಆ ಕ್ಷಣದಲ್ಲೇ ಕನ್ನಡದಲ್ಲಿ ಹೇಳಬೇಕು. ಪಾತ್ರದ ಹಾಳೆಯಲ್ಲಿ ಆರು ಗುಣಗಳು, ಹದಿನೆಂಟು ಕೌಶಲಗಳು, ಅದರ ಮೇಲೆ ಮಂತ್ರಗಳ ಪಟ್ಟಿ ಇದ್ದರೆ ಮೂರು ಗಂಟೆ ವಿವರಣೆಯಲ್ಲೇ ಕಳೆದುಹೋಗುತ್ತದೆ. ಇಂಥದ್ದೇ ಒಂದು ದೊಡ್ಡ ಪದ್ಧತಿಯಲ್ಲಿ ನಾನು ಮೊದಲ ಬಾರಿ ಆಟ ನಡೆಸಿದಾಗ ಊಟದ ಹೊತ್ತಾದರೂ ನಮ್ಮ ವೀರರು ಹಳ್ಳಿಯ ಗಡಿ ದಾಟಿರಲಿಲ್ಲ.

ಯೋಹಾಯ್ ಗಾಲ್ 2020ರಲ್ಲಿ ಪ್ರಕಟಿಸಿದ ಕೇರ್ನ್ ಎಂಬ ಆಟವನ್ನು ನೋಡಿ. ಇದರಲ್ಲಿರುವ ಗುಣಗಳು ಮೂರೇ; ಬಲ, ಚುರುಕು, ಮನೋಬಲ ಎಂದು ಕರೆಯಬಹುದು. ಪ್ರತಿಯೊಂದಕ್ಕೂ ಮೂರು ಸಾಮಾನ್ಯ ದಾಳಗಳನ್ನು ಉರುಳಿಸಿ ಕೂಡಿದರೆ ಪಾತ್ರ ಮುಕ್ಕಾಲು ಪಾಲು ಸಿದ್ಧವಾದಂತೆ. ಅಪಾಯ ಎದುರಾದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆ ಆ ಗುಣದ ಅಂಕಕ್ಕೆ ಸಮವಾಗಿದ್ದರೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪಾರು. ಬಲ 10 ಇದ್ದವನು ಪಾರಾಗುವ ಸಾಧ್ಯತೆ ಸರಿಯಾಗಿ ಅರ್ಧ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಳಗದಲ್ಲಿ ಏಟು ತಗುಲಿತೇ ಇಲ್ಲವೇ ಎಂಬ ಪರೀಕ್ಷೆಯೇ ಇಲ್ಲ, ನೇರವಾಗಿ ಹಾನಿಯ ದಾಳವನ್ನೇ ಉರುಳಿಸುತ್ತಾರೆ; ಹೀಗಾಗಿ ಕಾಳಗ ಬೇಗ ಮುಗಿಯುತ್ತದೆ, ಅಷ್ಟೇ ಬೇಗ ಪಾತ್ರಗಳು ಸಾಯಲೂಬಹುದು ಎಂದು ಮೊದಲೇ ಎಚ್ಚರಿಸಿಬಿಡಿ. ಪಠ್ಯ ಉಚಿತ, ಮೂಲದ ಹೆಸರು ಹೇಳಿ, ಅದೇ ಪರವಾನಗಿಯಡಿ ಹಂಚುವುದಾದರೆ ಅನುವಾದಕ್ಕೂ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ನಿಯಮದ ಪ್ರಕಾರ ಅನುಮತಿಯಿದೆ.

ಉತ್ತರ 3

ಕತ್ತಿ ಕಾಳಗದಲ್ಲಿ ಆಸಕ್ತಿಯಿಲ್ಲದ ಗುಂಪಾದರೆ 1981ರಿಂದ ನಡೆದುಬಂದಿರುವ, ಭಯಾನಕ ರಹಸ್ಯಗಳನ್ನು ಬೆನ್ನಟ್ಟುವ ಕಾಲ್ ಆಫ್ ಕ್ಥುಲು ಆಟವನ್ನೂ ಪರಿಗಣಿಸಬಹುದು. ಇದರ ಕೌಶಲಗಳೆಲ್ಲ ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿರುವುದರಿಂದ, ಪರೀಕ್ಷೆಯ ಅಂಕಪಟ್ಟಿ ನೋಡಿ ಬೆಳೆದ ನಮಗೆ 45 ಎಂದರೆ ಏನೆಂದು ತಕ್ಷಣ ತಿಳಿಯುತ್ತದೆ. ಆದರೆ ಇದರ ಕಥೆಗಳು ಹೆಚ್ಚಾಗಿ 1920ರ ದಶಕದ ಅಮೆರಿಕದಲ್ಲಿ ನಡೆಯುವುದರಿಂದ ಆ ವಾತಾವರಣವನ್ನು ಕಟ್ಟಿಕೊಡುವ ಕೆಲಸ ತಮ್ಮದಾಗುತ್ತದೆ.

ಪದ್ಧತಿ ಯಾವುದೇ ಇರಲಿ, ಪಾತ್ರವಾಗಿ ಮಾತನಾಡಲು ನಾಚುವವರಿಗೆ ತಾಳಮದ್ದಳೆಯ ಉದಾಹರಣೆ ಕೊಡಿ. ಪ್ರಸಂಗ ಎಲ್ಲಿಗೆ ಹೋಗುತ್ತದೆಂದು ಅರ್ಥಧಾರಿಗೆ ಗೊತ್ತಿದ್ದರೂ ಮಾತನ್ನು ಅಲ್ಲಿಯೇ ಕಟ್ಟುತ್ತಾನಲ್ಲವೇ? ಇಲ್ಲಿ ಪ್ರಸಂಗದ ಕೊನೆಯೂ ಯಾರಿಗೂ ಗೊತ್ತಿರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ನಮ್ಮ ಗುಂಪಿನ ಒಬ್ಬ ಮೌನಿಗೆ ಇಷ್ಟು ಹೇಳಿದ ಮೇಲೆ ಅವರನ್ನು ಸುಮ್ಮನಾಗಿಸುವುದೇ ಕಷ್ಟವಾಯಿತು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಹೊರೆ ನನ್ನ ಮೇಲೆಯೇ ಬೀಳುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಕೇರ್ನ್‌ನ ನಿಯಮಗಳನ್ನು ಓದಿ ಪಾತ್ರದ ಹಾಳೆಯನ್ನು ಕನ್ನಡದಲ್ಲಿ ಬರೆಯಲು ಆರಂಭಿಸಿದ್ದೇನೆ. ಒಂದು ಕಡೆ ಸಿಕ್ಕಿಕೊಂಡೆ: ‘ಹಿಟ್ ಪ್ರೊಟೆಕ್ಷನ್’ ಎಂಬುದನ್ನು ‘ಪ್ರಾಣ’ ಎನ್ನಬಹುದೇ?

ಉತ್ತರ 2 ಬರೆದವರು

ದಯವಿಟ್ಟು ಬೇಡ. ಅದು ಶೂನ್ಯಕ್ಕಿಳಿದರೆ ಪಾತ್ರ ಸಾಯುವುದಿಲ್ಲ. ಅದನ್ನು ಮೀರಿದ ಹಾನಿ ಬಲದಿಂದ ಕಳೆಯುತ್ತದೆ, ನಿಜವಾದ ಗಾಯ ಆಗುವುದು ಆಗಲೇ. ಸ್ವಲ್ಪ ಹೊತ್ತು ಕುಳಿತು ನೀರು ಕುಡಿದರೆ ಮರಳಿ ಬರುವಂಥದ್ದನ್ನು ಪ್ರಾಣವೆಂದು ಕರೆದರೆ ಆಟಗಾರರು ತಪ್ಪು ತಿಳಿಯುತ್ತಾರೆ. ನಾವು ‘ರಕ್ಷೆ’ ಎಂದು ಬರೆದುಕೊಂಡಿದ್ದೇವೆ.